ಆ್ಯಪ್ ಹುಡುಗನದು, ರೊಕ್ಕ ಯಾರದು? ಬೆಳಗಾವಿ ಸೀಮೆಯ ಫಿನ್‌ಟೆಕ್ ಉದ್ಯಮಿಯ ಲೆಕ್ಕಾಚಾರ

ತಿಂಗಳ ಐದನೇ ತಾರೀಖಿಗೆ ಕಂತು ಕಡಿತ. ಸಾಲದ ಆ್ಯಪ್‌ಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ, ಯಾಕೆಂದರೆ ಅವನ್ನು ಕಟ್ಟಿದವರಿಗೆ ಒಂದನೇ ತಾರೀಖಿಗೆ ಸಂಬಳ ಬೀಳುತ್ತದೆ. ಅಥಣಿ, ರಾಯಬಾಗ, ಮುಧೋಳ, ಜಮಖಂಡಿಯ ಕಬ್ಬಿನ ರೈತನಿಗೆ ಸಂಬಳ ಇಲ್ಲ, ಬಿಲ್ಲು ಇದೆ. ಕಬ್ಬು ಕಾರ್ಖಾನೆಗೆ ಮುಟ್ಟಿದ 14 ದಿನಗಳೊಳಗೆ ರೊಕ್ಕ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದೇಶದ 14 ದಿನ ಬೇರೆ, ಖಾತೆಗೆ ಬೀಳುವ ದಿನ ಬೇರೆ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಕಬ್ಬು ನುರಿಸುವ ಹಂಗಾಮು ಮುಗಿದು ಮುಂಗಾರು ಬಿತ್ತನೆ ಬಂತೆಂದರೆ ಮನೆಯಲ್ಲಿರುವ ರೊಕ್ಕ ಬೀಜ, ಗೊಬ್ಬರ, ಮಕ್ಕಳ ಫೀಸು ಎಂದು ಕರಗುತ್ತದೆ. ಅದೇ ಜೂನ್, ಜುಲೈನಲ್ಲಿ ಐದನೇ ತಾರೀಖಿನ ಕಂತು ಬೌನ್ಸ್ ಆಗುತ್ತದೆ. ರೈತನ ಬ್ಯಾಂಕು ಒಂದು ದಂಡ ಹಾಕುತ್ತದೆ, ಸಾಲ ಕೊಟ್ಟ ಕಂಪನಿ ಇನ್ನೊಂದು ಹಾಕುತ್ತದೆ, ಸಾಲ ತೀರಿಸುವ ನಡತೆ ಅಳೆಯುವ ಸಿಬಿಲ್ ಅಂಕವೂ ಇಳಿಯುತ್ತದೆ. ಡಿಸೆಂಬರ್‌ನಲ್ಲಿ ಪೂರ್ತಿ ತೀರಿಸಬಲ್ಲ ಮನುಷ್ಯ ಆಗಸ್ಟ್‌ನಲ್ಲೇ ಸುಸ್ತಿದಾರನ ಪಟ್ಟಿ ಸೇರಿರುತ್ತಾನೆ.

ಬೆಂಗಳೂರಿನಲ್ಲಿ ಮೂರ್ನಾಲ್ಕು ವರ್ಷ ದುಡಿದು, ಊರಿಗೆ ಬಂದು ‘ಫಿನ್‌ಟೆಕ್’ (ತಂತ್ರಜ್ಞಾನದ ಮೂಲಕ ಹಣಕಾಸು ಸೇವೆ) ಶುರು ಮಾಡುವ ಇಪ್ಪತ್ತಾರು, ಇಪ್ಪತ್ತೆಂಟರ ಹುಡುಗ ಹುಡುಗಿಯರು ಮೊದಲು ಎಡವುವುದು ಇಲ್ಲಿಯೇ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಬೆಳಗಾವಿಯಲ್ಲೇ ಇದೆ, ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಹಳೆಯ ಕಾಲೇಜುಗಳಿವೆ. ಕೋಡ್ ಬರೆಯುವವರಿಗೆ ಬರವಿಲ್ಲ. ಆ್ಯಪ್ ಕಟ್ಟುವುದು ನಾಲ್ಕು ತಿಂಗಳ ಕೆಲಸ. ಆದರೆ ಈ ಧಂದೆಯಲ್ಲಿ ಆ್ಯಪ್ ಒಬ್ಬರದು, ಪರವಾನಗಿ ಇನ್ನೊಬ್ಬರದು, ಸಾಲವಾಗಿ ಹೋಗುವ ರೊಕ್ಕ ಮತ್ತೊಬ್ಬರದು. ಯುವ ಉದ್ಯಮಿ ಮೇಲೇಳುವುದೂ ಬೀಳುವುದೂ ಈ ಮೂವರ ನಡುವಿನ ಕರಾರಿನಲ್ಲಿ. ನಷ್ಟ ಯಾರ ತಲೆಗೆ ಬರುತ್ತದೆ ಎಂದು ಬರೆದಿರುವ ಪುಟವನ್ನು ಸಹಿಗೆ ಮೊದಲು ಓದಿದವನು ಉಳಿಯುತ್ತಾನೆ.

ಮೊದಲ ಮೆಟ್ಟಿಲು: ಹೆಬ್ಬೆಟ್ಟಿನ ಅಂಗಡಿ

ಬಹಳಷ್ಟು ಮಂದಿ ಶುರು ಮಾಡುವುದು ಎಇಪಿಎಸ್‌ನಿಂದ, ಅಂದರೆ ಆಧಾರ್ ಮೂಲಕ ಹೆಬ್ಬೆಟ್ಟು ಒತ್ತಿಸಿ ರೊಕ್ಕ ಕೊಡುವ ವ್ಯವಸ್ಥೆಯಿಂದ. ಊರೂರಿನ ಕಿರಾಣಿ, ಮೊಬೈಲ್ ರಿಚಾರ್ಜ್ ಅಂಗಡಿಯವರನ್ನು ಏಜೆಂಟರನ್ನಾಗಿ ಸೇರಿಸಿಕೊಳ್ಳುವುದು, ಅವರಿಗೆ ಬೆರಳಚ್ಚು ಸಾಧನ ಮತ್ತು ಆ್ಯಪ್ ಕೊಡುವುದು, ಹಿಂದೆ ಒಂದು ಬ್ಯಾಂಕಿನ ಜತೆ ಒಪ್ಪಂದ. ಬ್ಯಾಂಕುಗಳು ಹೀಗೆ ಪ್ರತಿನಿಧಿಗಳನ್ನು ಇಟ್ಟುಕೊಳ್ಳಲು ಆರ್‌ಬಿಐ 2006ರಲ್ಲೇ ದಾರಿ ಮಾಡಿಕೊಟ್ಟಿತು, 2010ರಲ್ಲಿ ಲಾಭದ ಕಂಪನಿಗಳಿಗೂ ಅವಕಾಶ ಸಿಕ್ಕಿತು.

ಗೃಹಲಕ್ಷ್ಮಿ ಕಂತು ಜಮಾ ಆದ ದಿನ ಇಂಡಿ ಅಥವಾ ಸಿಂದಗಿ ಕಡೆಯ ಒಂದು ಅಂಗಡಿಯ ಲೆಕ್ಕ ಹಾಕಿ ನೋಡಿ. ಐವತ್ತು ಹೆಂಗಸರು ಬಂದು ತಲಾ 2,000 ರೂಪಾಯಿ ತೆಗೆದರೆ ಅಂಗಡಿಯವನ ಗಲ್ಲಾದಲ್ಲಿ ಬೆಳಿಗ್ಗೆಯೇ ಒಂದು ಲಕ್ಷ ನಗದು ಇರಬೇಕು. ಪ್ರತಿ ವಹಿವಾಟಿಗೆ ಗ್ರಾಹಕಿಯ ಬ್ಯಾಂಕು ಕೊಡುವ ಶುಲ್ಕ ಶೇ 0.5, ಕನಿಷ್ಠ 1 ರೂಪಾಯಿ, ಗರಿಷ್ಠ 15 ರೂಪಾಯಿ. 2,000ಕ್ಕೆ ಸಿಗುವುದು 10 ರೂಪಾಯಿ. ಐವತ್ತು ಜನರಿಂದ 500 ರೂಪಾಯಿ. ಅದು ಬ್ಯಾಂಕು, ಕಂಪನಿ, ವಿತರಕ, ಅಂಗಡಿಯವ ಎಂದು ನಾಲ್ಕು ಪಾಲಾಗುತ್ತದೆ. ಒಂದು ಲಕ್ಷ ನಗದನ್ನು ಬ್ಯಾಂಕಿನಿಂದ ಹೊತ್ತು ತಂದು, ದಿನವಿಡೀ ಬೆರಳು ಒರೆಸಿ ಒತ್ತಿಸಿದವನ ಕೈಗೆ ಉಳಿಯುವುದು ಪೆಟ್ರೋಲಿನ ಖರ್ಚು. ಹೀಗಾಗಿ ಅವನು ಗಿರಾಕಿಯಿಂದ ಹತ್ತಿಪ್ಪತ್ತು ರೂಪಾಯಿ ಕೇಳುತ್ತಾನೆ. ಅದು ನಿಯಮಕ್ಕೆ ವಿರುದ್ಧ, ಆದರೂ ನಡೆಯುತ್ತದೆ, ದೂರು ಬಂದರೆ ಹೋಗುವುದು ಕಂಪನಿಯ ಹೆಸರು.

ಇನ್ನೊಂದು ಚಾಳಿ ಇದೆ. ಶುಲ್ಕ 3,000 ರೂಪಾಯಿಗೇ 15ರ ಮಿತಿ ಮುಟ್ಟುತ್ತದೆ. ಒಂದು ವಹಿವಾಟಿಗೆ 10,000ದವರೆಗೆ ತೆಗೆಯಬಹುದು, ಆದರೆ 10,000ಕ್ಕೂ ಸಿಗುವುದು ಅದೇ 15. ಅದಕ್ಕೆ ಜಾಣ ಏಜೆಂಟ 9,000ವನ್ನು ಮೂರು ಮೂರು ಸಾವಿರದಂತೆ ಮೂರು ಸಲ ಒತ್ತಿಸಿ 45 ರೂಪಾಯಿ ಮಾಡಿಕೊಳ್ಳುತ್ತಾನೆ. ಬ್ಯಾಂಕಿನ ಕಣ್ಣಿಗೆ ಇದು ಬಿದ್ದೇ ಬೀಳುತ್ತದೆ. ಒಂದೇ ಆಧಾರ್, ಒಂದೇ ಸಾಧನ, ಐದು ನಿಮಿಷದಲ್ಲಿ ಮೂರು ವಹಿವಾಟು ಕಂಡರೆ ಏಜೆಂಟನ ಐಡಿ ಬಂದ್ ಆಗುತ್ತದೆ. ಇಂಥವರು ಹೆಚ್ಚಾದರೆ ಕಂಪನಿಯ ಒಪ್ಪಂದವೇ ಬಂದ್ ಆಗಬಹುದು. ಆದ್ದರಿಂದ ಇದನ್ನು ತಡೆಯುವ ನಿಯಮ ಆ್ಯಪ್‌ನಲ್ಲಿ ಮೊದಲ ದಿನವೇ ಇರಬೇಕು.

ಬೆರಳಿನ ಸಮಸ್ಯೆ ಬೇರೆ. ಕಬ್ಬು ಕಡಿಯುವವರು, ನಿಪ್ಪಾಣಿಯಲ್ಲಿ ತಂಬಾಕಿನ ಕೆಲಸದವರು, ರಬಕವಿ-ಬನಹಟ್ಟಿಯ ನೇಕಾರರು, ಇವರ ಬೆರಳಗೆರೆ ಸವೆದಿರುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿ, ಹೆಬ್ಬೆಟ್ಟು ಬಿಟ್ಟು ಉಂಗುರದ ಬೆರಳು ಒತ್ತಿಸಿದರೆ ಎಷ್ಟೋ ಸಲ ಹಿಡಿಯುತ್ತದೆ. ಈಗ ಎಲ್1 ದರ್ಜೆಯ ಸಾಧನಗಳು ಬಂದಿವೆ, ಇವು ಬೆರಳಚ್ಚನ್ನು ಸಾಧನದೊಳಗೇ ಗೂಢಲಿಪಿ ಮಾಡಿ ಕಳಿಸುತ್ತವೆ. ಹಾಗೆ ಮಾಡಬೇಕಾದ ಕಾರಣ ನಮ್ಮ ರಾಜ್ಯದಲ್ಲೂ ಕಂಡದ್ದೇ. 2023ರಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಖಾತೆ ಬರಿದು ಮಾಡಿದ ದೂರುಗಳು ಬಂದವು. ಏಜೆಂಟರನ್ನು ಸೇರಿಸಿಕೊಳ್ಳುವಾಗಿನ ತಪಾಸಣೆಯನ್ನು ಬಿಗಿ ಮಾಡಿ 2025ರ ಜೂನ್‌ನಲ್ಲಿ ಆರ್‌ಬಿಐ ಹೊರಡಿಸಿದ ಆದೇಶ 2026ರ ಜನವರಿ 1ರಿಂದ ಜಾರಿ. ಮೂರು ತಿಂಗಳು ಸತತವಾಗಿ ವಹಿವಾಟು ಮಾಡದ ಏಜೆಂಟನಿಗೆ ಮತ್ತೆ ಕೆವೈಸಿ (ಗುರುತಿನ ತಪಾಸಣೆ) ಮಾಡಿಯೇ ಐಡಿ ತೆರೆಯಬೇಕು. ಹಂಗಾಮಿಗೆ ಮಾತ್ರ ಅಂಗಡಿ ತೆರೆಯುವವರು ನಮ್ಮಲ್ಲಿ ಹೆಚ್ಚಿರುವುದರಿಂದ ಇದು ಸಣ್ಣ ಕೆಲಸವಲ್ಲ.

ಇನ್ನು ಈ ಕಂಪನಿ ನಡೆಸುವವನ ನಿಜವಾದ ದಿನಚರಿ. ಬೆಳಿಗ್ಗೆ ಎದ್ದವನೇ ತೆರೆಯುವುದು ಎಕ್ಸೆಲ್. ಮೂರು ಕಡತ: ತನ್ನ ಸರ್ವರಿನ ದಾಖಲೆ, ಬ್ಯಾಂಕು ಕಳಿಸಿದ ಸೆಟ್ಲ್‌ಮೆಂಟ್ ಕಡತ, ಖಾತೆಯ ಸ್ಟೇಟ್‌ಮೆಂಟ್. ಪ್ರತಿ ವಹಿವಾಟಿಗೂ ಇರುವ 12 ಅಂಕಿಯ ಉಲ್ಲೇಖ ಸಂಖ್ಯೆ (ಆರ್‌ಆರ್‌ಎನ್) ಹಿಡಿದು ಮೂರನ್ನೂ ತಾಳೆ ನೋಡಬೇಕು. ಅಂಗಡಿಯ ಪರದೆಯ ಮೇಲೆ ‘ವಿಫಲ’ ಎಂದು ಬಂದ ವಹಿವಾಟು ಬ್ಯಾಂಕಿನ ಕಡತದಲ್ಲಿ ‘ಸಫಲ’ ಇರುತ್ತದೆ. ಗ್ರಾಹಕಿಯ ಖಾತೆಯಿಂದ 2,000 ಹೋಗಿದೆ, ಕೈಗೆ ಬಂದಿಲ್ಲ. ಆರ್‌ಬಿಐನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ ವಹಿವಾಟಿನ ದಿನ ಬಿಟ್ಟು ಐದು ದಿನಗಳೊಳಗೆ ಆ ರೊಕ್ಕ ತಾನಾಗಿ ವಾಪಸಾಗಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದಕ್ಕೆ ಉಲ್ಟಾ ತಪ್ಪು ಇನ್ನೂ ದುಬಾರಿ: ಪರದೆಯಲ್ಲಿ ‘ಬಾಕಿ ಇದೆ’ ಎಂದು ತೋರಿಸುತ್ತಿರುವಾಗಲೇ ಏಜೆಂಟ ರೊಕ್ಕ ಎಣಿಸಿ ಕೊಟ್ಟು, ಸಂಜೆ ಅದು ವಿಫಲವಾಯಿತೆಂದರೆ ಹೋದದ್ದು ಅವನ ಗಂಟು. ದಿನಕ್ಕೆ ಸಾವಿರ ವಹಿವಾಟು ದಾಟಿದ ಮೇಲೂ ಈ ತಾಳೆಯನ್ನು ಕೈಯಲ್ಲೇ ಮಾಡುವ ಕಂಪನಿಯಲ್ಲಿ ವರ್ಷದ ಕೊನೆಗೆ ಲೆಕ್ಕ ಪರಿಶೋಧಕರು ಬಂದಾಗ ಲಕ್ಷಗಟ್ಟಲೆ ವ್ಯತ್ಯಾಸ ಹೊರಬೀಳುತ್ತದೆ. ಅದು ಕಳ್ಳತನವೇ ಆಗಿರಬೇಕಿಲ್ಲ. ಹೆಚ್ಚಿನ ಸಲ ಬರೀ ಅಶಿಸ್ತು.

ಯುಪಿಐನಲ್ಲಿ ಏಕೆ ರೊಕ್ಕ ಇಲ್ಲ

‘ಇಡೀ ಊರು ಫೋನ್‌ಪೇ ಮಾಡ್ತದ, ಅದರಾಗ ಏನಾದರೂ ಮಾಡೋಣ’ ಎಂಬುದು ಹುಡುಗರ ಎರಡನೇ ಯೋಚನೆ. ಯುಪಿಐ 2016ರ ಏಪ್ರಿಲ್‌ನಲ್ಲಿ ಬಂತು. 2020ರ ಜನವರಿ 1ರಿಂದ ವ್ಯಾಪಾರಿಯ ಮೇಲೆ ಶುಲ್ಕ ಸೊನ್ನೆ. ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗಿನ ಪಾವತಿಗೆ ಕೇಂದ್ರ ಸರ್ಕಾರ 2024-25ಕ್ಕೆ ಕೊಟ್ಟ ಪ್ರೋತ್ಸಾಹಧನ ಶೇ 0.15, ಅಂದರೆ ಸಾವಿರಕ್ಕೆ ಒಂದೂವರೆ ರೂಪಾಯಿ, ಅದೂ ಮೊದಲು ಬ್ಯಾಂಕಿಗೆ. ದೊಡ್ಡ ಕಂಪನಿಗಳು ದುಡಿಯುವುದು ‘ರೊಕ್ಕ ಬಂತು’ ಎಂದು ಕೂಗುವ ಸೌಂಡ್‌ಬಾಕ್ಸಿನ ಬಾಡಿಗೆಯಲ್ಲಿ, ಆ ನೆವದಲ್ಲಿ ಅಂಗಡಿಯವನಿಗೆ ಕೊಡಿಸುವ ಸಾಲದಲ್ಲಿ. ಹೊಸಬನೊಬ್ಬ ಗೋಕಾಕದಲ್ಲಿ ಕುಳಿತು ಆ ಪೈಪೋಟಿಗೆ ಇಳಿಯುವುದು ದಂಡ.

ಆದರೆ ಯುಪಿಐ ಜಮೆಯ ಇತಿಹಾಸ ಸಾಲ ಕೊಡುವವನಿಗೆ ಚಿನ್ನ. ಪುಸ್ತಕ ಬರೆಯದ ಕಿರಾಣಿ ಅಂಗಡಿಯ ದಿನದ ವ್ಯಾಪಾರ ಅಲ್ಲಿ ಕಾಣುತ್ತದೆ. ಖಾತೆದಾರನ ಒಪ್ಪಿಗೆ ಪಡೆದು ಆ ಮಾಹಿತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ 2021ರ ಸೆಪ್ಟೆಂಬರ್‌ನಿಂದ ನಡೆಯುತ್ತಿದೆ. ಇದನ್ನೇ ನಂಬಿ ಸಾಲದ ಸೂತ್ರ ಕಟ್ಟಿದವರಿಗೆ 2025ರ ಜುಲೈ ಪಾಠ ಕಲಿಸಿತು. ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ಹಳೆಯ ನಿಯಮವೇ. ಅಂಗಡಿ ಮುಂದೆ ‘ನಗದು ಮಾತ್ರ’ ಎಂಬ ಚೀಟಿ ಬಿದ್ದವು. ವ್ಯಾಪಾರ ಅಷ್ಟೇ ಇದ್ದರೂ ಕಂಪ್ಯೂಟರಿನ ಕಣ್ಣಿಗೆ ಅರ್ಧಕ್ಕೆ ಇಳಿದಂತೆ ಕಂಡಿತು. ಒಂದೇ ಕಿಟಕಿಯಿಂದ ನೋಡಿ ಸಾಲ ಕೊಟ್ಟರೆ ಹೀಗೇ ಆಗುವುದು. ಕರೆಂಟ್ ಬಿಲ್ಲು, ಸಗಟು ವ್ಯಾಪಾರಿಯ ಉದ್ರಿ ಖಾತೆ, ಸೊಸಾಯಿಟಿಯ ಪಿಗ್ಮಿ ಪಾಸ್‌ಬುಕ್ ಇವೂ ಸೇರಬೇಕು. ಪಿಗ್ಮಿ ಪಾಸ್‌ಬುಕ್ ಅಂತೂ ಬಹಳ ಪ್ರಾಮಾಣಿಕ ದಾಖಲೆ: ದಿನಾ ನೂರು ಕಟ್ಟುವವನು ಯಾವ ವಾರ ಐವತ್ತಕ್ಕೆ ಇಳಿದ, ಯಾವಾಗ ನಿಲ್ಲಿಸಿದ, ಎಲ್ಲ ಅಲ್ಲಿರುತ್ತದೆ.

ಸಾಲದ ಧಂದೆ: 200ರಲ್ಲಿ ಆರು ಜನ

ಕೊನೆಗೆ ಎಲ್ಲರೂ ಬರುವುದು ಸಾಲಕ್ಕೇ, ಯಾಕೆಂದರೆ ದುಡ್ಡಿರುವುದು ಅಲ್ಲಿ. ಸ್ವಂತ ರೊಕ್ಕ ಬಡ್ಡಿಗೆ ಕೊಡುವುದನ್ನೇ ಧಂದೆ ಮಾಡಿಕೊಳ್ಳಲು ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಕಂಪನಿ) ನೋಂದಣಿ ಬೇಕು, 2022ರ ಅಕ್ಟೋಬರ್‌ನಿಂದ ಹೊಸ ಅರ್ಜಿದಾರರಿಗೆ 10 ಕೋಟಿ ಸ್ವಂತ ನಿಧಿ ಬೇಕು. ಇಪ್ಪತ್ತೇಳರ ಹುಡುಗನ ಬಳಿ ಅದಿಲ್ಲ. ಆದ್ದರಿಂದ ಅವನು ಆಗುವುದು ‘ಲೆಂಡಿಂಗ್ ಸರ್ವಿಸ್ ಪ್ರೊವೈಡರ್’, ಬಾಯಿಮಾತಿನಲ್ಲಿ ಎಲ್‌ಎಸ್‌ಪಿ. ಗಿರಾಕಿಯನ್ನು ಹುಡುಕಿ, ಕಾಗದ ಸೇರಿಸಿ, ವಸೂಲಿಗೆ ಸಹಾಯ ಮಾಡುವವನು. ಸಾಲ ಕೊಡುವುದು ಬ್ಯಾಂಕು ಅಥವಾ ಎನ್‌ಬಿಎಫ್‌ಸಿ.

ಒಂದು ಲೆಕ್ಕ ಹಾಕೋಣ. 50,000ದಂತೆ 200 ಸಾಲ, ಒಟ್ಟು ಒಂದು ಕೋಟಿ. ಎಲ್‌ಎಸ್‌ಪಿಗೆ ಶೇ 2.5 ಎಂದು ಒಪ್ಪಂದವಾಗಿದೆ ಎಂದಿಟ್ಟುಕೊಳ್ಳಿ. ಆದಾಯ ಎರಡೂವರೆ ಲಕ್ಷ. ಇದರಲ್ಲಿ ಸಿಬಿಲ್ ವರದಿ, ಕೆವೈಸಿ, ಇ-ಸಹಿ, ಮುದ್ರಾಂಕ, ಎಸ್‌ಎಂಎಸ್, ಹಳ್ಳಿಗೆ ಹೋಗುವ ಹುಡುಗನ ಪಗಾರ ಎಲ್ಲ ಹೋಗಬೇಕು. ಈಗ ಎನ್‌ಬಿಎಫ್‌ಸಿ ಒಂದು ಷರತ್ತು ಹಾಕುತ್ತದೆ: ಮೊದಲ ನಷ್ಟ ನಿನ್ನದು. 2023ರ ಜೂನ್‌ನ ನಿಯಮದಂತೆ ಇಂಥ ಖಾತ್ರಿ ಶೇ 5 ಮೀರುವಂತಿಲ್ಲ. ನಗದು ಠೇವಣಿ, ಸಾಲದಾತರ ಹೆಸರಿಗೆ ಅಡವಿಟ್ಟ ಎಫ್‌ಡಿ, ಬ್ಯಾಂಕ್ ಗ್ಯಾರಂಟಿ, ಈ ಮೂರೇ ರೂಪದಲ್ಲಿ ಇರಬೇಕು. ಕಂತು 120 ದಿನ ಬಾಕಿಯಾಗುವುದರೊಳಗೆ ಸಾಲದಾತರು ಅದನ್ನು ಮುರಿದುಕೊಳ್ಳಬೇಕು. ಅಂದರೆ ಕೋಟಿಗೆ ಐದು ಲಕ್ಷ ಮೊದಲೇ ಕಟ್ಟಿಹಾಕಿ ಇಡಬೇಕು. 200 ಜನರಲ್ಲಿ ಆರೇ ಮಂದಿ ಒಂದು ಕಂತೂ ಕಟ್ಟದೆ ಕೈಯೆತ್ತಿದರೆ ಮೂರು ಲಕ್ಷ ಹೋಯಿತು. ಗಳಿಸಿದ್ದು ಎರಡೂವರೆ, ಕಳೆದದ್ದು ಮೂರು. ಖರ್ಚು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹೂಡಿಕೆದಾರರ ಮುಂದೆ ‘ನೂರಕ್ಕೆ 97 ಮರುಪಾವತಿ’ ಎಂದು ಹೆಮ್ಮೆಯಿಂದ ತೋರಿಸುವ ಚಿತ್ರದೊಳಗೆ ಅಡಗಿರುವ ಸತ್ಯ ಇದು.

ಬಡ್ಡಿಯ ಲೆಕ್ಕದಲ್ಲೂ ಇಂಥದೇ ಒಂದು ಮರೆ ಇತ್ತು, ನಿಯಮ ಅದನ್ನು ಸರಿಸಿದೆ. ನಮ್ಮ ಕಡೆ ಫೈನಾನ್ಸಿನವರು ‘ವರ್ಷಕ್ಕೆ ಹದಿನೆಂಟು’ ಎಂದರೆ ಅದು ಫ್ಲ್ಯಾಟ್. 50,000ಕ್ಕೆ ಒಂದು ವರ್ಷಕ್ಕೆ 9,000 ಬಡ್ಡಿ, ಒಟ್ಟು 59,000, ತಿಂಗಳಿಗೆ 4,917ರ ಕಂತು. ಅಸಲು ಪ್ರತಿ ತಿಂಗಳೂ ಇಳಿಯುತ್ತಿದ್ದರೂ ಬಡ್ಡಿ ಪೂರ್ತಿ 50,000ಕ್ಕೇ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಶೇ 31.7ರ ಆಸುಪಾಸು. ಮೇಲೆ ಶೇ 2 ಪ್ರೊಸೆಸಿಂಗ್ ಫೀ, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 1,180 ಮೊದಲೇ ಮುರಿದುಕೊಂಡರೆ ಕೈಗೆ ಬರುವುದು 48,820. ಆಗ ನಿಜವಾದ ವಾರ್ಷಿಕ ದರ ಶೇ 36.5ರ ಹತ್ತಿರ. ಈ ಕೊನೆಯ ಅಂಕಿಯನ್ನು ಸಾಲಗಾರನಿಗೆ ‘ಮುಖ್ಯ ಮಾಹಿತಿ ಪತ್ರ’ದಲ್ಲಿ ಬರೆದು ಕೊಡಲೇಬೇಕು. ಹದಿನೆಂಟು ಎಂದು ಪೋಸ್ಟರ್ ಅಂಟಿಸಿ ಪತ್ರದಲ್ಲಿ ಮೂವತ್ತಾರು ಬರೆದ ಕಂಪನಿಯ ಹುಡುಗ ಹಳ್ಳಿಗೆ ಎರಡನೇ ಸಲ ಹೋಗಲಾರ.

2022ರ ಸೆಪ್ಟೆಂಬರ್‌ನಲ್ಲಿ ಬಂದು 2025ರ ಮೇ ತಿಂಗಳಲ್ಲಿ ಒಟ್ಟುಗೂಡಿಸಿದ ಡಿಜಿಟಲ್ ಸಾಲದ ನಿರ್ದೇಶನಗಳಲ್ಲಿ ಹೊಸಬರು ಮರೆಯುವ ಅಂಶಗಳು ಕೆಲವಿವೆ. ರೊಕ್ಕ ಸಾಲದಾತರ ಖಾತೆಯಿಂದ ನೇರ ಸಾಲಗಾರನ ಖಾತೆಗೆ ಹೋಗಬೇಕು, ನಡುವೆ ಎಲ್‌ಎಸ್‌ಪಿಯ ಖಾತೆ ಬರಕೂಡದು, ಕಂತೂ ಹಾಗೆಯೇ. ವಸೂಲಿ ಹುಡುಗ ತನ್ನ ಸ್ವಂತ ಫೋನ್‌ಪೇಗೆ ಕಂತು ಹಾಕಿಸಿಕೊಂಡರೆ ಅದು ‘ಅನುಕೂಲಕ್ಕೆ ಮಾಡಿದ್ದು’ ಎನಿಸಿಕೊಳ್ಳುವುದಿಲ್ಲ, ಉಲ್ಲಂಘನೆಯಾಗುತ್ತದೆ. ಆ್ಯಪ್ ಫೋನಿನ ಸಂಪರ್ಕ ಪಟ್ಟಿ, ಕರೆ ದಾಖಲೆ, ಫೋಟೊಗಳನ್ನು ಮುಟ್ಟುವಂತಿಲ್ಲ. ಕೆವೈಸಿ ಸಲುವಾಗಿ ಕ್ಯಾಮೆರಾ, ಸ್ಥಳ ಒಂದು ಸಲ, ಅದೂ ಒಪ್ಪಿಗೆ ಕೇಳಿ. ಸಾಲ ಬೇಡವೆನಿಸಿದರೆ ಕನಿಷ್ಠ ಒಂದು ದಿನದೊಳಗೆ ದಂಡವಿಲ್ಲದೆ ಅಸಲು ಮತ್ತು ಅಷ್ಟು ಹೊತ್ತಿನ ಬಡ್ಡಿ ಕೊಟ್ಟು ಬಿಡಿಸಿಕೊಳ್ಳುವ ಹಕ್ಕು ಸಾಲಗಾರನಿಗಿದೆ. ಆರ್‌ಬಿಐ ತನ್ನ ಜಾಲತಾಣದಲ್ಲಿ ಇಂಥ ಆ್ಯಪ್‌ಗಳ ಪಟ್ಟಿಯನ್ನೂ ಇಟ್ಟಿದೆ. ಸಾಲದಾತರು ತಮ್ಮ ಎಲ್‌ಎಸ್‌ಪಿಯ ಹೆಸರನ್ನು ಅಲ್ಲಿಗೆ ಕೊಡದಿದ್ದರೆ ಒಳ್ಳೆಯ ಆ್ಯಪ್ ಕೂಡ ಕಳ್ಳ ಆ್ಯಪ್‌ಗಳ ಸಾಲಿಗೆ ಸೇರಿದಂತೆಯೇ.

ಕಳ್ಳ ಆ್ಯಪ್ ಎಂದದ್ದು ಸುಮ್ಮನೆ ಅಲ್ಲ. ಆರ್‌ಬಿಐನ ಕಾರ್ಯತಂಡ 2021ರಲ್ಲಿ ಎಣಿಸಿದಾಗ ಸಿಕ್ಕ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600 ಅಕ್ರಮ. 10,000 ಮಂಜೂರು, 3,500 ಮೊದಲೇ ಕಡಿತ, ಏಳು ದಿನಕ್ಕೆ 10,000 ವಾಪಸ್ ಎಂಬಂಥ ಸಾಲದ ವಾರ್ಷಿಕ ದರ ಶೇ 2,800 ದಾಟುತ್ತದೆ. ಅವರು ಕೆಡಿಸಿದ ಹೆಸರಿನ ಬೆಲೆಯನ್ನು ಈಗ ನೆಟ್ಟಗೆ ನಡೆಯುವವನು ತೆರಬೇಕಾಗಿದೆ. 2025ರ ಫೆಬ್ರುವರಿಯಲ್ಲಿ ಕಿರುಸಾಲ ಕಿರುಕುಳ ತಡೆ ಸುಗ್ರೀವಾಜ್ಞೆ ಬಂತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದರ ಗುರಿ ಮುಖ್ಯವಾಗಿ ಪರವಾನಗಿ ಇಲ್ಲದವರು. ಹಳ್ಳಿಯಲ್ಲಿ ಮಾತ್ರ ‘ಎಲ್ಲಾ ಸಾಲ ಮನ್ನಾ ಆತಂತ’ ಎಂಬ ಸುದ್ದಿ ಹಬ್ಬಿತು. ಆ ತಿಂಗಳುಗಳಲ್ಲಿ ರಾಜ್ಯದ ಕಿರುಸಾಲ ವಸೂಲಿ ಕುಸಿಯಿತು, ಮೇಲೆ ಹೇಳಿದ ಆರು ಜನ ಹನ್ನೆರಡಾದರೆ ಏನಾಗುತ್ತದೆ ಎಂಬುದು ಎಲ್‌ಎಸ್‌ಪಿಗಳಿಗೆ ಆಗ ಗೊತ್ತಾಯಿತು. ವಸೂಲಿಯ ಹೊತ್ತು ಕೂಡ ನಿಗದಿಯಾಗಿದೆ: ಬೆಳಿಗ್ಗೆ 8ರಿಂದ ಸಂಜೆ 7, ಕಿರುಸಾಲಕ್ಕೆ 9ರಿಂದ 6. ಹೊಲಕ್ಕೆ ಹೋದವನು ಮನೆಗೆ ಬರುವುದೇ ಏಳಕ್ಕೆ ಎಂಬ ತೊಂದರೆ ನಿಜ, ಅದಕ್ಕೆ ಸಂತೆಯ ದಿನ ಹುಡುಕಿಕೊಳ್ಳುವುದೇ ದಾರಿ.

ಉತಾರದ ತಲೆನೋವು

ರೈತನಿಗೆ ಸಾಲ ಎಂದರೆ ಉತಾರ ಬೇಕು (ಬೆಂಗಳೂರಿನವರು ಪಹಣಿ ಎನ್ನುತ್ತಾರೆ). ಭೂದಾಖಲೆಯ ‘ಭೂಮಿ’ ತಂತ್ರಾಂಶ, ರೈತರ ನೋಂದಣಿಯ ‘ಫ್ರೂಟ್ಸ್’ ಐಡಿ ಎರಡೂ ಇರುವ ಕರ್ನಾಟಕದಲ್ಲಿ ಇದು ಗುಂಡಿ ಒತ್ತಿದರೆ ಮುಗಿಯಬೇಕು. ಮುಗಿಯುವುದಿಲ್ಲ. ಉತಾರದಲ್ಲಿ ‘ಬಸಪ್ಪ ಮಲ್ಲಪ್ಪ’ ಎಂದಷ್ಟೇ ಇದ್ದರೆ, ಆಧಾರ್‌ನಲ್ಲಿ ‘ಬಸವರಾಜ’ ಜತೆಗೆ ಅಡ್ಡಹೆಸರು, ಬ್ಯಾಂಕಿನಲ್ಲಿ ಮೊದಲಕ್ಷರ ಹಿಂದುಮುಂದು. ಹೆಸರು ಹೊಂದಿಸುವ ತಂತ್ರಾಂಶವನ್ನು ಇಂಗ್ಲಿಷ್ ಕಾಗುಣಿತಕ್ಕೆ ಕಟ್ಟಿದ್ದರೆ ಕನ್ನಡದಿಂದ ಇಂಗ್ಲಿಷಿಗೆ ಬಂದ ಹೆಸರಿನ ಹತ್ತು ರೂಪಗಳಲ್ಲಿ ಅದು ದಾರಿ ತಪ್ಪುತ್ತದೆ. ಬೆಳಗಾವಿ ಕಡೆ ಅದೇ ಹೆಸರಿಗೆ ಮರಾಠಿ ರೂಪವೂ ಒಂದಿರುತ್ತದೆ. ಅಪ್ಪ ತೀರಿಕೊಂಡು ವರ್ಷಗಳಾದರೂ ವಾರಸಾ (ವಾರಸುದಾರರ ಹೆಸರಿಗೆ ಬದಲಾವಣೆ) ಆಗಿರುವುದಿಲ್ಲ, ಉಳುವ ಮಗನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ಜಂಟಿ ಉತಾರದಲ್ಲಿ ನಾಲ್ವರು ಅಣ್ಣತಮ್ಮಂದಿರಿದ್ದರೆ ಮೂವರು ಪುಣೆ, ಗೋವಾದಲ್ಲಿರುತ್ತಾರೆ. ಹೀಗಿರುವಾಗ ‘ಹತ್ತು ನಿಮಿಷದಲ್ಲಿ ಸಾಲ’ ಎಂಬ ಜಾಹೀರಾತು ಬರೆದವನು ತಲಾಠಿ (ಗ್ರಾಮ ಲೆಕ್ಕಿಗ) ಕಚೇರಿಯ ಬಾಗಿಲು ನೋಡಿರಲಿಕ್ಕಿಲ್ಲ.

ಸಾಲದ ಮೇಲೆ ಸಾಲ ಇನ್ನೊಂದು ಕಣ್ಣುಕಟ್ಟು. ಸಾಲದಾತರು ಸಿಬಿಲ್‌ನಂಥ ಸಂಸ್ಥೆಗಳಿಗೆ 15 ದಿನಕ್ಕೊಮ್ಮೆ ಮಾಹಿತಿ ಕೊಡಬೇಕೆಂಬ ನಿಯಮ 2025ರ ಜನವರಿಯಲ್ಲಿ ಜಾರಿಯಾಯಿತು. ಮೊದಲು ತಿಂಗಳಿತ್ತು. ಆದರೂ ಎರಡು ವರದಿಗಳ ನಡುವಿನ ಕತ್ತಲಲ್ಲಿ ಒಬ್ಬರೇ ಮೂರು ಕಡೆ ಸಾಲ ಎತ್ತಬಹುದು. ಸೊಸಾಯಿಟಿ ಸಾಲ, ಭಿಶಿ (ಊರ ಚೀಟಿ), ಅಡತಿ ಅಂಗಡಿಯ ಮುಂಗಡ ಇವಂತೂ ಯಾವ ವರದಿಯಲ್ಲೂ ಸರಿಯಾಗಿ ಕಾಣುವುದಿಲ್ಲ. ಅದನ್ನು ತಿಳಿಯಲು ಊರಿನವನೇ ಬೇಕು.

ಒಂದು ಸುತ್ತೋಲೆಯ ಆಯುಷ್ಯ

ಈ ಧಂದೆಯಲ್ಲಿ ಮಳೆಗಿಂತ ಅನಿಶ್ಚಿತವಾದದ್ದು ಮುಂಬೈನ ಮಿಂಟ್ ರಸ್ತೆಯ, ಅಂದರೆ ಆರ್‌ಬಿಐನ, ಕಾಗದ. 2022ರ ಜೂನ್ 20ರಂದು ಆರ್‌ಬಿಐ ಚಿಕ್ಕದೊಂದು ಪತ್ರ ಕಳಿಸಿತು: ಪ್ರಿಪೇಯ್ಡ್ ಕಾರ್ಡು, ವಾಲೆಟ್‌ಗಳಿಗೆ ಸಾಲದ ರೊಕ್ಕ ತುಂಬಕೂಡದು. ಆ ಮಾದರಿಯ ಮೇಲೆಯೇ ನಿಂತಿದ್ದ ಕಂಪನಿಗಳು ಧಂದೆಯನ್ನೇ ಬದಲಿಸಬೇಕಾಯಿತು. 2023ರ ನವೆಂಬರ್ 16ರಂದು ಖಾತರಿಯಿಲ್ಲದ ಗ್ರಾಹಕ ಸಾಲದ ರಿಸ್ಕ್ ತೂಕ (ಸಾಲಕ್ಕೆ ಎದುರಾಗಿ ಎಷ್ಟು ಬಂಡವಾಳ ಇಡಬೇಕೆಂಬ ಅಳತೆ) ಶೇ 100ರಿಂದ 125ಕ್ಕೆ ಏರಿತು. ಮರುದಿನದಿಂದ ಸಣ್ಣ ಸಾಲಕ್ಕೆ ರೊಕ್ಕ ಕೊಡುತ್ತಿದ್ದವರು ಕೈ ಬಿಗಿ ಹಿಡಿದರು. 2024ರ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿಗೆ ಹೊಸ ಜಮೆ ನಿಲ್ಲಿಸಲು ಆದೇಶ ಬಂತು. ಫೆಬ್ರುವರಿ 29ರ ಗಡುವು ಆಮೇಲೆ ಮಾರ್ಚ್ 15ಕ್ಕೆ ಹೋಯಿತು. ಅಷ್ಟು ದೊಡ್ಡವರಿಗೇ ಆರು ವಾರ ಸಿಕ್ಕಿತು ಎಂದರೆ ಒಂದೇ ಬ್ಯಾಂಕಿನ ಎಪಿಐ (ತಂತ್ರಾಂಶದ ಕೊಂಡಿ) ನೆಚ್ಚಿಕೊಂಡ ಚಿಕ್ಕ ಕಂಪನಿಯ ಗತಿ ಊಹಿಸಿ. ನಮ್ಮ ಭಾಗದ ಗ್ರಾಮೀಣ ಬ್ಯಾಂಕೇ 2025ರ ಮೇ 1ರಂದು ಬದಲಾಯಿತು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಹೀಗೆ ವಿಲೀನವಾದಾಗಲೆಲ್ಲ ಆ ಬ್ಯಾಂಕಿನ ಖಾತೆಗಳ ಮೇಲಿರುವ ಕಂತು ಕಡಿತದ ಒಪ್ಪಿಗೆಗಳನ್ನು (ಮ್ಯಾಂಡೇಟ್) ಒಂದೊಂದಾಗಿ ಪರೀಕ್ಷಿಸಬೇಕಾಗುತ್ತದೆ. ಎರಡನೇ ಬ್ಯಾಂಕಿನ ಒಪ್ಪಂದ ಮೊದಲ ವರ್ಷವೇ ಕೈಯಲ್ಲಿರಬೇಕು, ಅದರ ಮೂಲಕ ತಿಂಗಳಿಗೆ ನೂರಾದರೂ ವಹಿವಾಟು ಹಾಯಿಸುತ್ತಿರಬೇಕು. ಕಪಾಟಿನಲ್ಲಿ ಮಲಗಿದ ಒಪ್ಪಂದ ಕಷ್ಟಕಾಲಕ್ಕೆ ಏಳುವುದಿಲ್ಲ.

ಜನ ಕಡಿಮೆ ನೋಡುವ ಕಡೆ

ಗ್ರಾಹಕರ ಸಾಲ ಬಿಟ್ಟು ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಗಳಲ್ಲಿ ಇನ್ನೆರಡು ಕೆಲಸವಿದೆ, ಹೆಸರು ತರದ ಕೆಲಸ.

ಒಂದು, ಕೈಗಾರಿಕಾ ಪ್ರದೇಶವಾದ ಉದ್ಯಮಬಾಗ. ಬೆಳಗಾವಿಯ ಫೌಂಡ್ರಿಗಳು ಎರಕ ಹೊಯ್ದು ಪಂಪು, ವಾಹನ ಕಂಪನಿಗಳಿಗೆ ಕಳಿಸಿ ಎರಡು ಮೂರು ತಿಂಗಳು ಕಾಯುತ್ತವೆ. ಸಣ್ಣ ಉದ್ದಿಮೆಗೆ 45 ದಿನಗಳೊಳಗೆ ಪಾವತಿಸಬೇಕೆಂದು 2006ರ ಕಾಯ್ದೆ ಇದ್ದರೂ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಕಳೆದುಕೊಳ್ಳುವವರು ಯಾರು? ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ಆ ಬಿಲ್ಲನ್ನು ಹರಾಜಿಗಿಟ್ಟು ಬ್ಯಾಂಕಿನಿಂದ ಮೊದಲೇ ರೊಕ್ಕ ಪಡೆಯಬಹುದು. ಗಿರಾಕಿ ಕೈಕೊಟ್ಟರೂ ಫೌಂಡ್ರಿಯಿಂದ ವಾಪಸ್ ಕೇಳುವಂತಿಲ್ಲ. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು 2025ರ ಮಾರ್ಚ್ ಒಳಗೆ ಅಲ್ಲಿ ನೋಂದಾಯಿಸಬೇಕಿತ್ತು. ನೋಂದಣಿಯಾದ ಮಾತ್ರಕ್ಕೆ ಕೆಲಸ ಆಗುವುದಿಲ್ಲ, ಪ್ರತಿ ಬಿಲ್ಲನ್ನೂ ಗಿರಾಕಿ ಒಪ್ಪಬೇಕು. ನಿಲ್ಲುವುದು ಅಲ್ಲಿಯೇ. 500 ಎರಕ ಕಳಿಸಿದ್ದರೆ ಅವುಗಳಲ್ಲಿ 12ಕ್ಕೆ ಗಾಳಿತೂತು ಇರುತ್ತದೆ. ಗಿರಾಕಿಯ ಸ್ವೀಕೃತಿ ಪತ್ರ 488ಕ್ಕೆ, ಬಿಲ್ಲು 500ಕ್ಕೆ. ಹೊಂದಲಿಲ್ಲ, ತಿರಸ್ಕಾರ. ತಿರಸ್ಕೃತ ಎರಕದ ಡೆಬಿಟ್ ನೋಟನ್ನು (ಮೊತ್ತ ಕಡಿತದ ಚೀಟಿ) ಬಿಲ್ಲಿಗೆ ಜೋಡಿಸಿ, ತಿದ್ದಿದ ಮೊತ್ತವನ್ನು ವೇದಿಕೆಗೆ ಏರಿಸುವ ತಂತ್ರಾಂಶ ಬರೆದವನಿಗೆ ಸಾಲದ ನಷ್ಟದ ಭಯವಿಲ್ಲ, ಆರ್‌ಬಿಐ ಪರವಾನಗಿ ಬೇಕಿಲ್ಲ, ಪ್ರತಿ ಬಿಲ್ಲಿಗೆ ಫೀ.

ಎರಡು, ಸಹಕಾರ. ದೇಶದ ಮೊದಲ ಕೃಷಿ ಸಹಕಾರ ಸಂಘ ಕಂಡ ಕಣಗಿನಹಾಳ (1905) ಪಕ್ಕದ ಗದಗ ಜಿಲ್ಲೆಯದು. ನಮ್ಮಲ್ಲಿ ಪತ್ತಿನ ಸಂಘ, ಸೌಹಾರ್ದ ಸಹಕಾರಿ ಇಲ್ಲದ ಓಣಿ ಹುಡುಕಬೇಕು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣವನ್ನು ಕೇಂದ್ರವೇ 2022ರಲ್ಲಿ ಕೈಗೆತ್ತಿಕೊಂಡಿತು, ದೇಶದ 63,000 ಸಂಘಗಳಿಗೆ 2,516 ಕೋಟಿ. ಪುಕ್ಕಟೆ ತಂತ್ರಾಂಶದೊಂದಿಗೆ ಸ್ಪರ್ಧೆ ಬೇಡ. ಆ ಯೋಜನೆಗೆ ಬಾರದ ಸೌಹಾರ್ದಗಳಿಗೆ ಪಿಗ್ಮಿ ಆ್ಯಪ್, ಸದಸ್ಯರಿಗೆ ಎಸ್‌ಎಂಎಸ್, ಸಂಜೆಗೆ ನಗದು ತಾಳೆ ಬೇಕು. ಇಲ್ಲಿ ಒಂದು ಆಮಿಷ ಕಾದಿರುತ್ತದೆ: ‘ನಮ್ಮ ಸೌಹಾರ್ದದ ಹೆಸರಿನಾಗ ನೀ ಆ್ಯಪ್ ಸಾಲ ಕೊಡು’ ಎನ್ನುವ ಅಧ್ಯಕ್ಷರು ಸಿಗುತ್ತಾರೆ. ಸೌಹಾರ್ದದ ಸಾಲ ಸದಸ್ಯರಿಗೆ ಮಾತ್ರ. ಅಲ್ಲಿನ ಠೇವಣಿಗೆ ಬ್ಯಾಂಕಿನಂತೆ 5 ಲಕ್ಷದ ವಿಮೆಯೂ ಇಲ್ಲ. ಆ್ಯಪ್ ಸಾಲ ಮುಳುಗಿದರೆ ಮುಳುಗುವುದು ಓಣಿಯ ಮುದುಕಿಯರ ಗಂಟು.

ಪಾಲು ಮತ್ತು ವಯಸ್ಸು

ಕಂಪನಿ ನೋಂದಣಿ ಸಲೀಸು: ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು, ಕನಿಷ್ಠ ಬಂಡವಾಳದ ಷರತ್ತಿಲ್ಲ. ಹೆಸರಿನಲ್ಲಿ ‘ಫೈನಾನ್ಸ್’ ಎಂದು ಹಾಕಿದರೆ ಆರ್‌ಬಿಐ ಒಪ್ಪಿಗೆ ಕೇಳುತ್ತಾರೆ, ‘ಟೆಕ್ನಾಲಜೀಸ್’ ಸಾಕು. ರಾಜ್ಯದ ಎಲಿವೇಟ್ ನವೋದ್ಯಮ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನವಿದೆ, ಅದಕ್ಕೆ ಷೇರು ಬಿಡಬೇಕಿಲ್ಲ. ಹೂಡಿಕೆ ಎತ್ತಿದರೆ ಪಾಲು ಕರಗುವ ಲೆಕ್ಕ ಹೀಗೆ: ಗೆಳೆಯರಿಬ್ಬರು ಅರ್ಧರ್ಧ, ನೌಕರರಿಗೆ ಶೇ 10 ತೆಗೆದಿಟ್ಟು, ಹೂಡಿಕೆದಾರರಿಗೆ ಮೂರು ಸುತ್ತಿನಲ್ಲಿ ಶೇ 15, 20, 20 ಕೊಟ್ಟರೆ ಕೊನೆಗೆ ತಲಾ ಶೇ 24.5 ಉಳಿಯುತ್ತದೆ. ಪಾಲು ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಕೈಗೆ ಬರುವಂತೆ, ಮೊದಲ ವರ್ಷ ತುಂಬುವ ಮೊದಲು ಬಿಟ್ಟರೆ ಏನೂ ಇಲ್ಲವೆಂಬಂತೆ ಮೊದಲೇ ಬರೆದುಕೊಳ್ಳಬೇಕು. ಸೋದರಮಾವನ ಮಗ ಎಂದು ಬಾಯಿಮಾತಿನಲ್ಲಿ ಬಿಟ್ಟರೆ, ಅವನು ಆರು ತಿಂಗಳಿಗೆ ಸರ್ಕಾರಿ ನೌಕರಿ ಸಿಕ್ಕಿ ಹೋದ ಮೇಲೂ ಅರ್ಧ ಕಂಪನಿ ಅವನ ಹೆಸರಿನಲ್ಲೇ ಇರುತ್ತದೆ.

‘ಯುವ’ ಎಂಬ ಪದಕ್ಕೆ ಪತ್ರಿಕೆಗಳು ಕೊಡುವಷ್ಟು ಬೆಲೆ ಈ ಕ್ಷೇತ್ರ ಕೊಡುವುದಿಲ್ಲ. ಶಿವಮೊಗ್ಗದಲ್ಲಿ ಹುಟ್ಟಿದ ನಿತಿನ್ ಕಾಮತ್ ಷೇರು ಬ್ರೋಕರ್ ಕಂಪನಿ ಜೆರೋಧಾ ಶುರು ಮಾಡಿದ್ದು 2010ರಲ್ಲಿ, ಮೂವತ್ತರ ವಯಸ್ಸಿನಲ್ಲಿ. ಅಷ್ಟರಲ್ಲಿ ಹದಿಹರೆಯದಿಂದಲೇ ಷೇರು ವಹಿವಾಟು, ಕಾಲ್ ಸೆಂಟರಿನ ರಾತ್ರಿಪಾಳಿ, ದೊಡ್ಡ ಬ್ರೋಕರ್ ಕಂಪನಿಯ ಕೆಳಗೆ ಸಬ್‌ಬ್ರೋಕರ್ ಕೆಲಸ ಎಲ್ಲ ಮುಗಿದಿತ್ತು. ಹೊರಗಿನ ಬಂಡವಾಳ ಪಡೆಯಲಿಲ್ಲ, ಎಷ್ಟೇ ದೊಡ್ಡ ಆರ್ಡರಿಗೂ ಗರಿಷ್ಠ 20 ರೂಪಾಯಿ ಎಂಬ ಸರಳ ದರ ಇಟ್ಟರು. ಬ್ರೋಕರಿಗೆ ಗಿರಾಕಿಯ ನಷ್ಟದಲ್ಲಿ ಪಾಲಿಲ್ಲ, ಎಲ್‌ಎಸ್‌ಪಿಗೆ ಇದೆ. ಆ ವ್ಯತ್ಯಾಸ ಬಿಟ್ಟು ಬರೀ 20 ರೂಪಾಯಿಯನ್ನು ನಕಲು ಮಾಡುವುದು ನಮ್ಮ ಹುಡುಗರ ಸಾಮಾನ್ಯ ತಪ್ಪು.

ಸಾಲಕ್ಕೇ ಇಳಿಯುತ್ತೇನೆ ಎನ್ನುವವನು ಎನ್‌ಬಿಎಫ್‌ಸಿಯ ಕರಾರಿನಲ್ಲಿ ಹಿಡಿದು ಕೂರಬೇಕಾದ ಒಂದು ಕಲಂ ಇದೆ: ಕಬ್ಬಿನ ರೈತನ ಕಂತು ತಿಂಗಳಿಗೊಂದು ಬೇಡ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಐದು ದೊಡ್ಡ ಕಂತು, ಉಳಿದ ಏಳು ತಿಂಗಳು ಬಡ್ಡಿ ಮಾತ್ರ. ಒಣದ್ರಾಕ್ಷಿಯ ತಿಕೋಟಾಕ್ಕೆ, ಇಳಕಲ್ಲಿನ ಸೀರೆಗೆ ತಿಂಗಳುಗಳು ಬೇರೆ. ಸಾಲದಾತರ ತಂತ್ರಾಂಶ ಇದಕ್ಕೆ ಒಗ್ಗುವುದಿಲ್ಲ ಎಂಬ ಉತ್ತರ ಬರುತ್ತದೆ. ಒಗ್ಗಿಸಿ ಪರೀಕ್ಷೆ ಮಾಡಲು ಮೂರು ತಿಂಗಳಾದರೂ ಬೇಕು, ಅಂದರೆ ಕಾರ್ಖಾನೆಗಳು ನವೆಂಬರ್‌ನಲ್ಲಿ ಶುರುವಾಗುವುದಾದರೆ ಈ ಮಾತು ಜುಲೈನಲ್ಲೇ ಮುಗಿದಿರಬೇಕು.